ಅಚ್ಚಿನ ಪೆಟ್ಟಿಗೆ ಬಿಸಿಯಾಗದಂತೆ

ರೈಲು ಗಾಡಿಯ ಇಡೀ ಭಾರ ಬಂದು ಕೂರುವುದು ಅಚ್ಚಿನ ಎರಡು ತುದಿಗಳ ಮೇಲೆ. ಎತ್ತಿನ ಬಂಡಿಯಲ್ಲಿ ಅಚ್ಚು ನಿಂತಲ್ಲೇ ಇದ್ದು ಗಾಲಿ ಮಾತ್ರ ತಿರುಗುತ್ತದೆ, ಕೀಲೆಣ್ಣೆ ಗಾಲಿಯ ನಡುವಿನ ತೂತಿಗೆ ಹೋಗುತ್ತದೆ. ರೈಲಿನಲ್ಲಿ ಹಾಗಲ್ಲ. ಗಾಲಿ ಅಚ್ಚಿಗೆ ಬಿಗಿಯಾಗಿ ಕೂತು ಎರಡೂ ಒಟ್ಟಿಗೇ ತಿರುಗುತ್ತವೆ. ಗಾಲಿಯ ಹೊರಗೆ ಚಾಚಿರುವ, ನುಣ್ಣಗೆ ಕಡೆದ ತುದಿಗೆ ಜರ್ನಲ್ ಎಂದು ಹೆಸರು. ಅದನ್ನು ಮುಚ್ಚಿಕೊಂಡಿರುವ ಎರಕದ ಪೆಟ್ಟಿಗೆಯೇ ಆಕ್ಸಲ್ ಬಾಕ್ಸ್. ತಿರುಗುವ ಜರ್ನಲ್‌ಗೂ ತಿರುಗದ ಪೆಟ್ಟಿಗೆಗೂ ನಡುವೆ ಬೇರಿಂಗ್ ಇರುತ್ತದೆ. ತುಂಬಿದ ಬಾಕ್ಸ್‌ಎನ್ ಎಂಬ ಸರಕು ವ್ಯಾಗನ್ನಿನಲ್ಲಿ ಒಂದು ಅಚ್ಚಿನ ಮೇಲೆ 20 ಟನ್ನಿಗೂ ಹೆಚ್ಚು ಭಾರ ಬೀಳುತ್ತದೆ. ಅಂದರೆ ಒಂದೊಂದು ಜರ್ನಲ್ ಸುಮಾರು 10 ಟನ್ ಹೊತ್ತುಕೊಂಡೇ ತಿರುಗಬೇಕು. ಎಣ್ಣೆಯ ತೆಳು ಪದರ ಒಂದೆರಡು ನಿಮಿಷ ಕಾಣೆಯಾದರೂ ಲೋಹಕ್ಕೆ ಲೋಹ ಉಜ್ಜಿ ಕಾಯತೊಡಗುತ್ತದೆ.

ಬೆಳಗಾವಿ ಸೀಮೆಯ ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ಜನ ಗಾಡಿ ಹತ್ತುವುದು ಪಾಚ್ಛಾಪುರ, ಗೋಕಾಕ ರೋಡ್, ಘಟಪ್ರಭಾ ನಿಲ್ದಾಣಗಳಲ್ಲಿ. ಈ ನಿಲ್ದಾಣಗಳೆಲ್ಲ ಲೋಂಡಾ–ಮೀರಜ್ ಮಾರ್ಗದಲ್ಲಿವೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಇದನ್ನು ಮೀಟರ್ ಗೇಜಿನಲ್ಲಿ ಹಾಕಿತು. 1990ರ ದಶಕದಲ್ಲಿ ಅದು ಬ್ರಾಡ್ ಗೇಜ್ ಆಯಿತು. ಅಚ್ಚಿನ ಪೆಟ್ಟಿಗೆಯ ಮಟ್ಟಿಗೆ ಇದು ಕಠಿಣ ದಾರಿ. ಲೋಂಡಾ ಕಡೆ ಮಲೆನಾಡಿನ ಮಳೆ, ರಾಯಬಾಗ ದಾಟಿದರೆ ಎರೆಮಣ್ಣಿನ ಧೂಳು. ನೀರು, ಧೂಳು ಎರಡೂ ಎಣ್ಣೆಗೆ ವೈರಿಗಳು. ಒಂದೇ ಗಾಡಿ ಒಂದೇ ದಿನದಲ್ಲಿ ಎರಡನ್ನೂ ಕಾಣುತ್ತಿತ್ತು. ಈ ರೈಲ್ವೆಯ ಗಾಡಿಗಳ ದುರಸ್ತಿಗೆಂದು 1885ರಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ಕಾರ್ಯಾಗಾರ ಇವತ್ತಿಗೂ ನಡೆಯುತ್ತಿದೆ.

ಹಳೆಯ ಗಾಡಿಗಳಲ್ಲಿ ಇದ್ದದ್ದು ಸಾದಾ ಬೇರಿಂಗ್. ಜರ್ನಲ್‌ನ ತಲೆಯ ಮೇಲೆ ಕಮಾನಿನಾಕಾರದ ಕಂಚಿನ ತುಂಡೊಂದು ಕೂತಿರುತ್ತಿತ್ತು. ಕೆಲಸಗಾರರ ಬಾಯಲ್ಲಿ ಅದು ‘ಬ್ರಾಸ್’. ಅದರ ಒಳಮೈಗೆ ವೈಟ್ ಮೆಟಲ್ ಎಂಬ ಮೆತು ಮಿಶ್ರಲೋಹದ ಪದರ. ಮೆತು ಲೋಹದ ಹಾಸನ್ನು ಬಳಸುವ ಬೇರಿಂಗಿಗೆ 1839ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಐಸಾಕ್ ಬ್ಯಾಬಿಟ್. ಒಂದಿಷ್ಟು ಮರಳಿನ ಕಣ ಒಳಹೊಕ್ಕರೆ ಈ ಪದರ ಅದನ್ನು ತನ್ನೊಳಗೆ ಹುದುಗಿಸಿಕೊಂಡು ಜರ್ನಲ್ ಗೀಚದಂತೆ ಕಾಯುತ್ತದೆ. ಅದರ ದೌರ್ಬಲ್ಯವೂ ಮೆತುತನವೇ. ಸುಮಾರು 240 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ಕರಗಿ ಹರಿಯತೊಡಗುತ್ತದೆ.

ಎಣ್ಣೆ ಬರುತ್ತಿದ್ದದ್ದು ಮೇಲಿನಿಂದಲ್ಲ, ಕೆಳಗಿನಿಂದ. ಪೆಟ್ಟಿಗೆಯ ತಳದಲ್ಲಿ ಎಣ್ಣೆ ಕುಡಿದ ವೇಸ್ಟ್ ತುರುಕಿರುತ್ತಿದ್ದರು. ವೇಸ್ಟ್ ಎಂದರೆ ನೂಲಿನ ಗಿರಣಿಯಲ್ಲಿ ಉಳಿಯುವ ಸಿಕ್ಕುಸಿಕ್ಕಾದ ನೂಲು. ಗೋಕಾಕ ಫಾಲ್ಸಿನ ಗಿರಣಿಯ ನೆರಳಲ್ಲಿ ಬೆಳೆದವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆಯೇ ಆ ನೂಲಿನಲ್ಲೂ ಏರುತ್ತದೆ. ತಿರುಗುವ ಜರ್ನಲ್ ಅದನ್ನು ಮೈಗೆ ಬಳಿದುಕೊಂಡು ಬ್ರಾಸಿನ ಅಡಿಗೆ ಒಯ್ಯುತ್ತದೆ.

ಈ ತೆಳು ಎಣ್ಣೆ ಟನ್ನುಗಟ್ಟಲೆ ಭಾರವನ್ನು ಹೇಗೆ ಎತ್ತಿ ಹಿಡಿಯುತ್ತದೆ ಎಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಬೆಳಗಾವಿ ಸೀಮೆಯಲ್ಲಿ ಹಳಿ ಬೀಳುತ್ತಿದ್ದ ಹೊತ್ತಿನಲ್ಲೇ ಇಂಗ್ಲೆಂಡಿನಲ್ಲಿ ಬೋಷಾಂ ಟವರ್ ಎಂಬ ಎಂಜಿನಿಯರ್ ರೈಲು ಬೇರಿಂಗಿನ ಘರ್ಷಣೆಯನ್ನು ಅಳೆಯುತ್ತಿದ್ದರು. ಜರ್ನಲ್‌ನ ಕೆಳಭಾಗವನ್ನು ಎಣ್ಣೆಯಲ್ಲಿ ಮುಳುಗಿಸಿ, ಬ್ರಾಸಿನ ನೆತ್ತಿಗೆ ಒಂದು ತೂತು ಕೊರೆದರು. ಜರ್ನಲ್ ತಿರುಗುತ್ತಿದ್ದಂತೆ ಎಣ್ಣೆ ಆ ತೂತಿನಿಂದ ಉಕ್ಕಿ ಬಂತು. ಬಿರಡೆ ಜಡಿದರೆ ಬಿರಡೆಯೇ ಹೊರಗೆ ಬಂತು. ಕೊನೆಗೆ ಒತ್ತಡ ಅಳೆಯುವ ಗೇಜ್ ಕೂರಿಸಿದಾಗ, ಬೇರಿಂಗಿನ ಮೇಲಿನ ಸರಾಸರಿ ಭಾರದ ಎರಡರಷ್ಟಕ್ಕೂ ಹೆಚ್ಚು ಒತ್ತಡ ತೋರಿತು. ತಿರುಗುವ ಜರ್ನಲ್ ತಾನೇ ಪಂಪಿನಂತೆ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು ಬ್ರಾಸನ್ನು ತೇಲಿಸುತ್ತದೆ ಎಂಬುದು ಸ್ಪಷ್ಟವಾಯಿತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಒದಗಿಸಿದರು. ಗಾಡಿ ನಿಂತಾಗ ಈ ಪಂಪೂ ನಿಲ್ಲುತ್ತದೆ, ಬ್ರಾಸ್ ಕೆಳಗಿಳಿದು ಉಕ್ಕಿಗೆ ಅಂಟಿ ಕೂರುತ್ತದೆ. ಸಾದಾ ಬೇರಿಂಗಿನ ಗಾಡಿ ಹೊರಡುವಾಗ ಎಂಜಿನ್ ಅಷ್ಟು ಏದುಸಿರು ಬಿಡುತ್ತಿದ್ದದ್ದಕ್ಕೆ ಕಾರಣ ಇದೇ.

ವೇಸ್ಟ್ ತುಂಬುವುದು ನೋಡುವವರಿಗೆ ಕಚಡಾ ಕೆಲಸ, ಮಾಡುವವರಿಗೆ ಗೊತ್ತು ಅದರ ಹದ. ಒಣ ನೂಲನ್ನು ತುರುಕಿ ಮೇಲೆ ಎಣ್ಣೆ ಸುರಿದರೆ ಎಣ್ಣೆ ಒಳಗೆ ಇಳಿಯುವುದೇ ಇಲ್ಲ. ನೂಲು ಮೊದಲೇ ಎಣ್ಣೆಯಲ್ಲಿ ದಿನವಿಡೀ ನೆನೆದು, ಆಮೇಲೆ ಜಾಲರಿಯ ಮೇಲೆ ಸೋರಿರಬೇಕು. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಎಣ್ಣೆ ಇಣುಕಬೇಕು, ತೊಟ್ಟಿಕ್ಕಬಾರದು. ಮೊದಲು ಹಗ್ಗದಂತೆ ಹೊಸೆದ ಸುರುಳಿಯೊಂದು ಪೆಟ್ಟಿಗೆಯ ಹಿಂಬದಿಗೆ ಹೋಗುತ್ತದೆ. ಗಾಲಿಯ ಕಡೆಯಿಂದ ಬರುವ ಧೂಳನ್ನು ತಡೆಯುವುದು, ಎಣ್ಣೆ ಹೊರಗೆ ಸೋರದಂತೆ ನೋಡುವುದು ಅದರ ಕೆಲಸ. ಅನಂತರ ಉಳಿದ ವೇಸ್ಟ್ ಜರ್ನಲ್‌ನ ಅಡಿಗೆ ಒತ್ತಾಗಿ, ಆದರೆ ಗಿಡಿದಂತಾಗದೆ ಕೂರಬೇಕು. ಜರ್ನಲ್‌ನ ನಡುಮಟ್ಟಕ್ಕಿಂತ ಮೇಲೆ ಅದು ಏರಕೂಡದು. ಏರಿದರೆ ಒಂದು ಎಳೆ ಜರ್ನಲ್‌ನೊಂದಿಗೆ ಸುತ್ತಿಕೊಂಡು ಬ್ರಾಸಿನ ಅಡಿಗೆ ಸಿಕ್ಕುತ್ತದೆ. ಆ ಒಂದು ಎಳೆ ಎಣ್ಣೆಯ ಪದರವನ್ನು ಒರೆಸಿ ಹಾಕಲು ಸಾಕು. ಹೊಸಬರು ಎಡವುತ್ತಿದ್ದದ್ದು ಹೆಚ್ಚಾಗಿ ಇಲ್ಲಿಯೇ. ‘ಜಾಸ್ತಿ ಇರಲಿ’ ಎಂಬ ಉದಾರತನವೇ ಪೆಟ್ಟಿಗೆಯನ್ನು ಕಾಯಿಸುತ್ತಿತ್ತು.

ಕಾದ ಪೆಟ್ಟಿಗೆಗೆ ರೈಲ್ವೆಯಲ್ಲಿ ‘ಹಾಟ್ ಆಕ್ಸಲ್’ ಎನ್ನುತ್ತಾರೆ. ಮೊದಲು ಬರುವುದು ವಾಸನೆ. ಸುಟ್ಟ ಎಣ್ಣೆ, ಸುಟ್ಟ ನೂಲು ಬೆರೆತ ಆ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಆಮೇಲೆ ಸೀಟಿಯಂಥ ಕೀರಲು ಸದ್ದು, ಹೊಗೆ, ಕೊನೆಗೆ ಬೆಂಕಿ. ವೈಟ್ ಮೆಟಲ್ ಕರಗಿ ಹೋದ ಮೇಲೆ ಕಂಚು ನೇರವಾಗಿ ಉಕ್ಕಿಗೆ ತಾಗುತ್ತದೆ. ಶಾಖ ಇನ್ನೂ ಏರಿದರೆ ಕರಗಿದ ತಾಮ್ರ ಉಕ್ಕಿನ ಕಣಗಳ ನಡುವೆ ಇಳಿದು ಜರ್ನಲ್ ತುಂಡಾಗುತ್ತದೆ, ಗಾಡಿ ಹಳಿ ತಪ್ಪುತ್ತದೆ. ಕಾದ ಜರ್ನಲ್‌ಗೆ ಗಾಬರಿಯಲ್ಲಿ ನೀರು ಹೊಯ್ದರೂ ಅನಾಹುತವೇ. ಉಕ್ಕು ದಿಢೀರನೆ ತಣಿದು ಬಿರುಕು ಬಿಡುತ್ತದೆ. ಅಂಥ ವ್ಯಾಗನ್ನನ್ನು ಹತ್ತಿರದ ನಿಲ್ದಾಣದಲ್ಲಿ ಬಿಡಿಸಿ, ‘ಸಿಕ್’ ಎಂದು ಗುರುತು ಹಾಕಿ ನಿಲ್ಲಿಸುವುದೇ ಸರಿಯಾದ ದಾರಿ.

ಇದಕ್ಕಾಗಿಯೇ ಗಾಡಿ ನಿಲ್ದಾಣಕ್ಕೆ ಬರುವಾಗ ಕ್ಯಾರೇಜ್ ಅಂಡ್ ವ್ಯಾಗನ್ ಸಿಬ್ಬಂದಿ ಹಳಿಯ ಎರಡೂ ಬದಿ ಕುಕ್ಕರುಗಾಲಿನಲ್ಲಿ ಕೂತು ಗಾಲಿಗಳನ್ನೇ ನೋಡುತ್ತಿರುತ್ತಾರೆ. ನಿಂತ ಕೂಡಲೇ ಒಂದೊಂದೇ ಪೆಟ್ಟಿಗೆಗೆ ಕೈಯ ಹಿಂಬದಿ ತಾಗಿಸಿ ನೋಡುತ್ತ ಸಾಗುವುದು ಹಳೆಯ ಪದ್ಧತಿ, ಈಗ ಆ ಜಾಗಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಬಂದಿದೆ. ಈ ಲೇಖಕನ ಮಟ್ಟಿಗೆ ಹೇಳುವುದಾದರೆ, ಒಂದು ಪೆಟ್ಟಿಗೆ ಎಷ್ಟು ಬಿಸಿ ಎಂಬುದಕ್ಕಿಂತ ಅಕ್ಕಪಕ್ಕದವುಗಳಿಗಿಂತ ಎಷ್ಟು ಹೆಚ್ಚು ಬಿಸಿ ಎಂಬುದೇ ಮುಖ್ಯ. ವೈಶಾಖದ ಮಧ್ಯಾಹ್ನ ಘಟಪ್ರಭಾದಲ್ಲಿ ನಿಂತ ಗಾಡಿಯಲ್ಲಿ ಬಿಸಿಲು ಬಿದ್ದ ಬದಿಯ ಪೆಟ್ಟಿಗೆಗಳೆಲ್ಲ ಸುಡುತ್ತಿರುತ್ತವೆ. ರೋಗ ಇರುವುದು ಸಾಲಿನಲ್ಲಿ ಬೇರೆಯಾಗಿ ಕಾಣುವ ಒಂದರಲ್ಲಿ.

ಸಾದಾ ಬೇರಿಂಗಿಗೆ ಇನ್ನೊಂದು ಪೀಡೆ ಕಳ್ಳತನ. ಯಾರ್ಡಿನಲ್ಲಿ ನಿಂತ ವ್ಯಾಗನ್ನುಗಳ ಪೆಟ್ಟಿಗೆ ಮುಚ್ಚಳ ತೆಗೆದು ಬ್ರಾಸ್ ಎಗರಿಸುವುದು ದೇಶದುದ್ದಕ್ಕೂ ನಡೆದಿತ್ತು. ಗುಜರಿಯಲ್ಲಿ ಕಂಚಿಗೆ ಒಳ್ಳೆಯ ಬೆಲೆ. ರೋಲರ್ ಬೇರಿಂಗ್ ಬಂದ ಮೇಲೆ ಈ ಕಾಟ ನಿಂತಿತು.

ರೋಲರ್ ಬೇರಿಂಗಿನಲ್ಲಿ ಜಾರುವಿಕೆ ಹೋಗಿ ಉರುಳುವಿಕೆ ಬಂತು, ಎಣ್ಣೆ ಹೋಗಿ ಗ್ರೀಸ್ ಬಂತು. ಹಳೆಯ ಐಸಿಎಫ್ ಮಾದರಿಯ ಪ್ರಯಾಣಿಕರ ಬೋಗಿಗಳಲ್ಲಿ 130 ಮಿ.ಮೀ. ಒಳವ್ಯಾಸದ ಸ್ಫೆರಿಕಲ್ ರೋಲರ್ ಬೇರಿಂಗ್ ಇರುತ್ತದೆ. ಬಾಕ್ಸ್‌ಎನ್ ವ್ಯಾಗನ್ನು, ಹೊಸ ಎಲ್‌ಎಚ್‌ಬಿ ಬೋಗಿಗಳಲ್ಲಿ ಸಿಟಿಆರ್‌ಬಿ ಎಂಬ ಮೊಹರು ಮಾಡಿದ ಶಂಕುವಿನಾಕಾರದ ರೋಲರ್ ಬೇರಿಂಗ್. ಎರಡನೆಯದಕ್ಕೆ ದಾರಿಯಲ್ಲಿ ಯಾರೂ ಗ್ರೀಸ್ ಹಾಕುವಂತಿಲ್ಲ. ಕಾರ್ಯಾಗಾರದಲ್ಲಿ ತುಂಬಿದ್ದು ಮುಂದಿನ ಓವರ್‌ಹಾಲ್ ತನಕ ಬರಬೇಕು. ಎಣ್ಣೆಡಬ್ಬಿ ಹಿಡಿದು ಗಾಡಿಯುದ್ದಕ್ಕೂ ಓಡಾಡುತ್ತಿದ್ದ ಕೆಲಸ ಹೀಗೆ ಹಳಿಯ ಮೇಲಿಂದ ಬಾಗಿಲು ಮುಚ್ಚಿದ ಕೋಣೆಯೊಳಗೆ ಹೋಯಿತು.

ಆ ಕೋಣೆಯ ಶಿಸ್ತು ಬೇರೆಯೇ. ಹಳೆಯ ಗ್ರೀಸನ್ನು ಪೂರ್ತಿ ತೆಗೆದು, ಬೇರಿಂಗನ್ನು ತೊಳೆದು, ರೋಲರ್ ಮತ್ತು ಅದು ಉರುಳುವ ಉಂಗುರದ, ಅಂದರೆ ರೇಸಿನ, ನಡುವಿನ ಸಡಿಲನ್ನು ಫೀಲರ್ ಗೇಜಿನಿಂದ ಅಳೆಯುತ್ತಾರೆ. ಐಸಿಎಫ್ ಬೋಗಿಯ ಬೇರಿಂಗನ್ನು ಇಂಡಕ್ಷನ್ ಹೀಟರಿನಲ್ಲಿ ಸುಮಾರು 100ರಿಂದ 120 ಡಿಗ್ರಿಗೆ ಕಾಯಿಸಿದರೆ ಅದು ಹಿಗ್ಗಿ ಜರ್ನಲ್ ಮೇಲೆ ಸಲೀಸಾಗಿ ಇಳಿಯುತ್ತದೆ. ಹಿಂದೆ ಬೇರಿಂಗನ್ನು ಉಳಿಸುತ್ತಿದ್ದ ಅದೇ ನೂಲಿನ ವೇಸ್ಟಿಗೆ ಇಲ್ಲಿ ಪ್ರವೇಶವೇ ಇಲ್ಲ. ಒರೆಸಲು ಎಳೆ ಬಿಡದ ಬಟ್ಟೆಯೇ ಬೇಕು. ವೇಸ್ಟಿನ ಒಂದು ಎಳೆ, ಕಣ್ಣಿಗೆ ಕಾಣದಷ್ಟು ಮರಳು, ಬೆವರಿನ ಒಂದು ಹನಿ ರೋಲರಿನ ಮೈಯಲ್ಲಿ ಕಲೆ ಮಾಡಲು ಸಾಕು. ಆ ಕಲೆಯಿಂದ ಲೋಹದ ಹೊಪ್ಪಳೆ ಏಳುವುದು ಸಾವಿರಾರು ಕಿಲೋಮೀಟರ್ ಆಚೆ.

ಬಳಸುವುದು ಲಿಥಿಯಂ ಸಾಬೂನಿನ ಗ್ರೀಸ್. ಬೇರೆ ಜಾತಿಯದನ್ನು ಅದರೊಂದಿಗೆ ಬೆರೆಸಿದರೆ ಎರಡೂ ನೀರಾಗಿ ಸೋರಿಹೋಗಬಹುದು. ಅಳತೆಯ ವಿಷಯದಲ್ಲೂ ಹಳೆಯ ಪಾಠವೇ ಬೇರೆ ರೂಪದಲ್ಲಿ ಬರುತ್ತದೆ. ಐಸಿಎಫ್ ಬೋಗಿಯ ಒಂದು ಪೆಟ್ಟಿಗೆಗೆ ಬೇರಿಂಗಿನ ತಯಾರಿಕೆಗೆ ತಕ್ಕಂತೆ ಎರಡು ಕಿಲೋದ ಆಸುಪಾಸು ಗ್ರೀಸ್ ಸಾಕು, ಉಳಿದ ಜಾಗ ಖಾಲಿಯೇ ಇರಬೇಕು. ಗಂಟಲಮಟ್ಟ ತುಂಬಿದರೆ ರೋಲರುಗಳು ಗ್ರೀಸನ್ನು ಕಡೆಯುತ್ತ ಸುತ್ತುತ್ತವೆ, ಆ ಕಡೆತದಿಂದಲೇ ಶಾಖ ಏಳುತ್ತದೆ, ಸೀಲು ಬಾಯಿ ಬಿಡುತ್ತದೆ. ಹೊಸ ಗ್ರೀಸ್ ತುಂಬಿಸಿಕೊಂಡು ಬಂದ ಪೆಟ್ಟಿಗೆ ಮೊದಲ ಓಟದಲ್ಲೇ ಬಿಸಿಯಾದರೆ ಅನುಭವಿ ಫಿಟ್ಟರ್ ಮೊದಲು ಶಂಕಿಸುವುದು ಅತಿಯಾದ ಗ್ರೀಸನ್ನು.

ಬೇರಿಂಗನ್ನು ಕೆಡಿಸುವ ಕಾರಣಗಳು ಕೆಲವೊಮ್ಮೆ ಅದಕ್ಕೆ ಸಂಬಂಧವೇ ಇಲ್ಲದ ಕೆಲಸದಲ್ಲಿ ಇರುತ್ತವೆ. ಬೋಗಿ ತೊಳೆಯುವಾಗ ರಭಸದ ನೀರನ್ನು ನೇರ ಪೆಟ್ಟಿಗೆಯ ಸೀಲಿಗೆ ಹಿಡಿಯುವುದು ಒಂದು. ವೆಲ್ಡಿಂಗ್ ಇನ್ನೊಂದು. ಬೋಗಿಯ ಮೈಗೆ ವೆಲ್ಡ್ ಮಾಡುವಾಗ ಅರ್ಥಿಂಗ್ ತಂತಿಯನ್ನು ಕೆಲಸದ ಪಕ್ಕದಲ್ಲೇ ಸಿಕ್ಕಿಸದೆ ಹಳಿಗೆ ಸಿಕ್ಕಿಸಿದರೆ ವಿದ್ಯುತ್ ಬೇರಿಂಗಿನ ಮೂಲಕ ಹಾಯುತ್ತದೆ. ರೋಲರು ರೇಸಿಗೆ ತಾಗುವ ಕಡೆಗಳಲ್ಲೆಲ್ಲ ಕಿಡಿ ಹಾರಿ ಸೂಜಿಮೊನೆಯಷ್ಟು ಗುಳಿಗಳು ಬೀಳುತ್ತವೆ. ವೆಲ್ಡರ್ ತನ್ನ ಕೆಲಸ ಚೆನ್ನಾಗಿಯೇ ಮುಗಿಸಿ ಹೋಗಿರುತ್ತಾನೆ.

ರೋಲರ್ ಬೇರಿಂಗ್ ಕೆಡುವುದು ಅಪರೂಪ, ಕೆಡಲು ಹತ್ತಿದರೆ ಮಾತ್ರ ಪುರುಸೊತ್ತು ಕೊಡುವುದಿಲ್ಲ. ಮೊಹರಾದ ಪೆಟ್ಟಿಗೆಯಲ್ಲಿ ಸುಟ್ಟ ನೂಲಿನ ವಾಸನೆಯಂಥ ಮುನ್ಸೂಚನೆಯೂ ಇಲ್ಲ. 2023ರ ಫೆಬ್ರವರಿ 3ರಂದು ಅಮೆರಿಕದ ಒಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೀನ್ ಬಳಿ 38 ವ್ಯಾಗನ್ನುಗಳು ಹಳಿ ತಪ್ಪಿದ್ದು ಇಂಥ ಒಂದು ಬೇರಿಂಗಿನಿಂದ. ಹಳಿಯ ಪಕ್ಕದ ಶಾಖಶೋಧಕಗಳಲ್ಲಿ ಮೊದಲನೆಯದು ಅದನ್ನು ಹೊರಗಿನ ಗಾಳಿಗಿಂತ 38 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬಿಸಿ ಎಂದು ತೋರಿಸಿತ್ತು, ಎರಡನೆಯದು 103, ಮೂರನೆಯದು 253. ಮೂರನೆಯದು ಎಚ್ಚರಿಕೆ ಕೊಟ್ಟು ಗಾಡಿ ನಿಲ್ಲುವಷ್ಟರಲ್ಲಿ ಹೊತ್ತು ಮೀರಿತ್ತು. ಒಂದೊಂದು ಅಂಕಿಯನ್ನು ಬಿಡಿಯಾಗಿ ನೋಡದೆ ಏರುತ್ತಿರುವ ಸಾಲನ್ನು ನೋಡಬೇಕೆಂಬ ಮಾತು ಆಮೇಲೆ ಬಲವಾಗಿ ಕೇಳಿಬಂತು. ಪೆಟ್ಟಿಗೆ ಮುಟ್ಟಿ ನೋಡುತ್ತಿದ್ದ ಹಳಬರು ಪಕ್ಕದ ಪೆಟ್ಟಿಗೆಯನ್ನೂ ಮುಟ್ಟುತ್ತಿದ್ದದ್ದು ಇದೇ ತರ್ಕದಿಂದ.

ಇನ್ನು ನೆರೆ. ಘಟಪ್ರಭಾ ನದಿಯ ದಂಡೆಯವರಿಗೆ 2019ರ ಆಗಸ್ಟ್ ನೆನಪಿರುತ್ತದೆ. ನಿಂತ ಗಾಡಿಯ ಗಾಲಿಗಳ ಸುತ್ತ ನೀರು ಏರಿ ಪೆಟ್ಟಿಗೆಗಳು ಮುಳುಗಿದರೆ, ನೀರು ಇಳಿದ ಮೇಲೆ ಅವು ಹೊರಗಿನಿಂದ ಎಷ್ಟೇ ಚೊಕ್ಕಟವಾಗಿ ಕಂಡರೂ ಲೆಕ್ಕಕ್ಕಿಲ್ಲ. ಸೀಲಿನ ಸಂದಿಯಲ್ಲಿ ನುಗ್ಗಿದ ನೀರು ಗ್ರೀಸಿನೊಂದಿಗೆ ಕಲಸಿ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ, ರೋಲರುಗಳಿಗೆ ತುಕ್ಕು ಹಿಡಿಯತೊಡಗಿರುತ್ತದೆ. ಅಂಥ ಅಚ್ಚುಗಳನ್ನು ಗಾಲಿ ಸಮೇತ ಕಳಚಿ ಕಾರ್ಯಾಗಾರಕ್ಕೆ ಕಳಿಸಬೇಕು. ಅಲ್ಲಿ ಬೇರಿಂಗ್ ಬಿಚ್ಚಿ, ತೊಳೆದು, ತಪಾಸಣೆ ಮಾಡಿ, ಹೊಸ ಗ್ರೀಸ್ ಹಾಕಿದ ಮೇಲಷ್ಟೇ ಅವು ಮತ್ತೆ ಗಾಡಿಯ ಅಡಿಗೆ ಹೋಗುತ್ತವೆ.