ಇಳಿಯಿತೋ, ಇಳಿಸಿತೋ?

ದೊಡ್ಡ ಕರುಳಿನ ಒಳಪದರದಲ್ಲಿ ಮೂಡುವ ಸಣ್ಣ ಗಂಟುಗಳನ್ನು ಪಾಲಿಪ್ ಎನ್ನುತ್ತಾರೆ. ಇವುಗಳಲ್ಲಿ ಕೆಲವು ವರ್ಷಗಳ ತರುವಾಯ ಕ್ಯಾನ್ಸರ್ ಆಗಿ ಪರಿಣಮಿಸುತ್ತವೆ. ಆಹಾರದಲ್ಲಿರುವ ಸಸ್ಯಜನ್ಯ ಸಂಯುಕ್ತಗಳು ಇವನ್ನು ತಡೆಯಬಲ್ಲವೇ?

ಆನುವಂಶಿಕವಾಗಿ ನೂರಾರು ಪಾಲಿಪ್‌ಗಳು ಮೂಡುವ ರೋಗವೊಂದುಂಟು. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಈ ರೋಗವಿದ್ದ ಐವರಿಗೆ ಅರಿಶಿನದ ಕರ್ಕ್ಯುಮಿನ್ ಹಾಗೂ ಈರುಳ್ಳಿಯಲ್ಲಿಯೂ ದೊರೆಯುವ ಕ್ವೆರ್ಸೆಟಿನ್‌ಗಳನ್ನು ಗುಳಿಗೆಯಾಗಿ ಆರು ತಿಂಗಳು ಕೊಡಲಾಯಿತು. ಪಾಲಿಪ್‌ಗಳ ಸಂಖ್ಯೆ ಸರಾಸರಿ ಶೇ. 60ರಷ್ಟು ಇಳಿಯಿತು. ಆದರೆ ಹೋಲಿಸಿ ನೋಡಲು ಬೇರೊಂದು ಗುಂಪು ಇರಲಿಲ್ಲ. 2018ರ ಅಧ್ಯಯನದಲ್ಲಿ ಅದೇ ರೋಗದ 44 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕರ್ಕ್ಯುಮಿನ್ ಮಾತ್ರವನ್ನೂ ಇನ್ನೊಂದಕ್ಕೆ ಹುಸಿಗುಳಿಗೆಯನ್ನೂ ಕೊಟ್ಟರು. ವರ್ಷದ ಬಳಿಕ ಪಾಲಿಪ್‌ಗಳ ಸಂಖ್ಯೆಯಲ್ಲಾಗಲಿ ಗಾತ್ರದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ವಿಜ್ಞಾನವನ್ನು ಕನ್ನಡದಲ್ಲಿ ಬರೆಯುವವರು ಇಲ್ಲಿ ‘ಇಸು’ ಪ್ರತ್ಯಯವನ್ನು ಗಮನಿಸಬೇಕು. ‘ಇಳಿಯಿತು’ ಎಂಬುದು ಕಂಡದ್ದನ್ನು ಹೇಳುತ್ತದೆ. ‘ಅರಿಶಿನ ಇಳಿಸಿತು’ ಎಂಬ ಪ್ರೇರಣಾರ್ಥಕವು ಕಾರಣವನ್ನೇ ಸಾರಿಬಿಡುತ್ತದೆ. ಮೊದಲ ಅಧ್ಯಯನಕ್ಕೆ ಸಲ್ಲುವುದು ‘ಇಳಿಯಿತು’ ಮಾತ್ರ. ‘ಇಳಿಸಿತು’ ಎಂಬುದನ್ನು ನಂಬಿದ ಓದುಗರು ಕೊಲೊನೊಸ್ಕೋಪಿಯನ್ನು ಮುಂದೂಡಿಯಾರು. ಪಾಲಿಪ್ ಅನ್ನು ಕಣ್ಣಾರೆ ಕಂಡು, ಅದು ಕ್ಯಾನ್ಸರ್ ಆಗುವ ಮೊದಲೇ ತೆಗೆಯುವ ಅವಕಾಶ ಆ ಪರೀಕ್ಷೆಯಲ್ಲಿದೆ.