ರೇಡಿಯನ್ ಕೈವಶವಾಗಲು: ಹಿಡಕಲ್ ಸೀಮೆಯ ಪಿಯುಸಿ ಮಕ್ಕಳಿಗೆ ಕೆಲವು ಸೂತ್ರಗಳು

ಹತ್ತನೇ ತರಗತಿಯವರೆಗೆ ಕೋನ ಎಂದರೆ ಡಿಗ್ರಿ. ಪಿಯುಸಿ ಮೊದಲ ವರ್ಷದ ತ್ರಿಕೋನಮಿತಿ ಪಾಠ ತೆರೆದ ಕೂಡಲೇ ಅದರ ಜಾಗದಲ್ಲಿ ರೇಡಿಯನ್ ಬಂದು ಕೂರುತ್ತದೆ. ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಮಕ್ಕಳು ‘ಪೈ ಬೈ ಒನ್ ಎಯ್ಟಿ’ ಎಂದು ಬಾಯಿಪಾಠ ಮಾಡಿ ವಿಷಯವನ್ನು ಅಲ್ಲಿಗೇ ಬಿಡುತ್ತಾರೆ. ಬಿಡಬೇಡಿ. ವೃತ್ತವನ್ನು ಅದರದೇ ತ್ರಿಜ್ಯದಿಂದ ಅಳೆಯುವುದೇ ರೇಡಿಯನ್. ಇಷ್ಟು ಮನಸ್ಸಿಗೆ ಇಳಿದರೆ ವೃತ್ತದ ಅರ್ಧದಷ್ಟು ಸೂತ್ರಗಳನ್ನು ಉರು ಹೊಡೆಯುವ ಕೆಲಸವೇ ಇರುವುದಿಲ್ಲ.

1. ಮೊದಲು ಹಗ್ಗ, ಆಮೇಲೆ ಸೂತ್ರ

ಹೊಲದಲ್ಲಿ ಒಂದು ಗೂಟ ನೆಡಿ. ಹಗ್ಗ ಕಟ್ಟಿ ಸುತ್ತಲೂ ವೃತ್ತ ಗೀರಿ. ಅದೇ ಹಗ್ಗವನ್ನು ಬಿಚ್ಚಿ ವೃತ್ತದ ಗೆರೆಯ ಮೇಲೆ ಹಾಸಿ. ಹಗ್ಗದ ಎರಡೂ ತುದಿಗಳಿಂದ ಗೂಟಕ್ಕೆ ಗೆರೆ ಎಳೆದರೆ ನಡುವೆ ಸಿಗುವ ಕೋನ ಒಂದು ರೇಡಿಯನ್. ಹಗ್ಗ ಎರಡು ಮೀಟರ್ ಇರಲಿ, ಇಪ್ಪತ್ತು ಮೀಟರ್ ಇರಲಿ, ಕೋನ ಬದಲಾಗುವುದಿಲ್ಲ: 57 ಡಿಗ್ರಿಗಿಂತ ತುಸು ಹೆಚ್ಚು. ಸುತ್ತು ಪೂರ್ತಿಯಾಗಲು ಆರು ಹಗ್ಗ ಹಿಡಿಸಿ, ಮೇಲೆ ಇನ್ನೊಂದು ಹಗ್ಗದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. 2ಪೈ ಎಂದರೆ ಈ 6.28. ಹತ್ತು ನಿಮಿಷದ ಕೆಲಸ ಇದು. ಗೆಳೆಯರ ಜತೆ ಒಮ್ಮೆ ಮಾಡಿದವರು ಮರೆಯುವುದಿಲ್ಲ.

2. ಗುಣಕ ಬೇಡ, ಭಾಗಾಕಾರ ಹಿಡಿಯಿರಿ

ಕೋನ = ಕಂಸದ ಉದ್ದ ÷ ತ್ರಿಜ್ಯ. ಮೀಟರಿಗೆ ಮೀಟರ್ ಹೊಡೆದುಹೋಗಿ ಬರೀ ಸಂಖ್ಯೆ ಉಳಿಯುತ್ತದೆ. ಅರ್ಧ ವೃತ್ತದ ಕಂಸ ತ್ರಿಜ್ಯದ ಪೈ ಪಟ್ಟು. ಆದ್ದರಿಂದ 180 ಡಿಗ್ರಿ ಎಂದರೆ ಪೈ ರೇಡಿಯನ್. ಪರೀಕ್ಷೆಯಲ್ಲಿ ಗುಣಕ ಮರೆತರೂ ಇಲ್ಲಿಂದ ಮತ್ತೆ ಹುಟ್ಟಿಸಿಕೊಳ್ಳಬಹುದು.

3. ಆರ್ಯಭಟನ 3438 ನೆನಪಿರಲಿ

ರೇಡಿಯನ್ ಹೊರಗಿನಿಂದ ಬಂದ ವಿದ್ಯೆ ಎಂದು ಹೆದರುವವರು ಈ ಸಂಖ್ಯೆಯನ್ನು ನೋಡಬೇಕು. ಕ್ರಿ.ಶ. 499ರ ‘ಆರ್ಯಭಟೀಯ’ದ ಜ್ಯಾ ಲೆಕ್ಕದಲ್ಲಿ ಪರಿಧಿಗೆ 21600 ಕಲೆಗಳು, ಅಂದರೆ 360ನ್ನು 60ರಿಂದ ಗುಣಿಸಿದಷ್ಟು. ತ್ರಿಜ್ಯವನ್ನೂ ಅದೇ ಕಲೆಗಳಲ್ಲಿ ಅಳೆದು 3438 ಎಂದು ಇಟ್ಟುಕೊಂಡರು. 21600ನ್ನು 2ಪೈಯಿಂದ ಭಾಗಿಸಿ ನೋಡಿ, 3437.75 ಬರುತ್ತದೆ. ಒಂದು ರೇಡಿಯನ್ನಿನಲ್ಲಿ ಇರುವ ಕಲೆಗಳೂ ಅಷ್ಟೇ. ಕಂಸಕ್ಕೂ ತ್ರಿಜ್ಯಕ್ಕೂ ಒಂದೇ ಅಳತೆಗೋಲು ಎಂಬ ವಿಚಾರ ಆಗಲೇ ಇತ್ತು. ‘ರೇಡಿಯನ್’ ಎಂಬ ಹೆಸರು ಅಚ್ಚಿಗೆ ಬಂದದ್ದು 1873ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ ಜೇಮ್ಸ್ ಥಾಮ್ಸನ್ ಕೊಟ್ಟ ಪರೀಕ್ಷೆಯ ಪ್ರಶ್ನೆಗಳಲ್ಲಿ. ಕನ್ನಡದಲ್ಲೇ ‘ಕ್ಷೇತ್ರಗಣಿತ’ ಬರೆದ ರಾಜಾದಿತ್ಯ 12ನೇ ಶತಮಾನದವನು. ವೃತ್ತದ ಲೆಕ್ಕ ನಮ್ಮ ಭಾಷೆಗೆ ಹೊಸದಲ್ಲ.

ಇನ್ನೊಂದು ಮಾತು. ಪಠ್ಯದಲ್ಲಿ ಒಂದು ರೇಡಿಯನ್ ಎಂದರೆ ಸುಮಾರು 57 ಡಿಗ್ರಿ 16 ಮಿನಿಟ್ ಎಂದು ಕಾಣುತ್ತದೆ. ಅದು 22/7 ಬಳಸಿದ ಫಲ. ಪೈಯನ್ನು ಹೆಚ್ಚು ನಿಖರವಾಗಿ ತೆಗೆದುಕೊಂಡರೆ 57 ಡಿಗ್ರಿ 17 ಮಿನಿಟ್ 45 ಸೆಕೆಂಡ್. ಉತ್ತರ ಒಂದು ಮಿನಿಟ್ ಆಚೀಚೆ ಬಂದರೆ ಗಾಬರಿ ಬೇಡ.

4. ಡಿಗ್ರಿಗೆ ತಿರುಗಿಸುವ ರೂಢಿ ಬಿಡಿ

1.57, 3.14, 4.71, 6.28 ಈ ನಾಲ್ಕು ಸಂಖ್ಯೆಗಳು ನಾಲ್ಕು ಪಾದಗಳ ಗಡಿ. ಸೈನ್ 4 ಧನವೋ ಋಣವೋ? 4 ಇರುವುದು 3.14 ಮತ್ತು 4.71ರ ನಡುವೆ, ಮೂರನೇ ಪಾದದಲ್ಲಿ, ಋಣ. ಸೈನ್ 1 ದೊಡ್ಡದೋ, ಸೈನ್ 1 ಡಿಗ್ರಿ ದೊಡ್ಡದೋ ಎಂದು ಕೇಳಿದರೆ ಎರಡೂ ಒಂದೇ ಎನ್ನಬೇಡಿ: ಮೊದಲನೆಯದು 0.84, ಎರಡನೆಯದು 0.017.

5. ವಿಸ್ತೀರ್ಣವನ್ನು ಗುಂಟೆಯಲ್ಲಿ ನೋಡಿ

ಕಬ್ಬಿನ ಗದ್ದೆಗೆ ನೀರು ಹಾರಿಸುವ ರೇನ್ ಗನ್ ಪೂರ್ತಿ ಸುತ್ತದೆ, ಒಂದು ಕೋನದೊಳಗೆ ಅತ್ತಿತ್ತ ತಿರುಗುವಂತೆ ಕಟ್ಟುವುದುಂಟು. ನೀರು 20 ಮೀಟರ್ ದೂರ ಹೋಗುತ್ತದೆ, ಕೋನ 2 ರೇಡಿಯನ್ ಎಂದಿಟ್ಟುಕೊಳ್ಳಿ. ತೊಯ್ಯುವ ನೆಲ ಒಂದು ತ್ರಿಜ್ಯಾಂತರ ಖಂಡ. ½ × ತ್ರಿಜ್ಯ² × ಕೋನ, ಅಂದರೆ ½ × 400 × 2 = 400 ಚದರ ಮೀಟರ್. ಒಂದು ಗುಂಟೆ ಸುಮಾರು 101 ಚದರ ಮೀಟರ್. ಹಾಗಾಗಿ ನಾಲ್ಕು ಗುಂಟೆಗೆ ಕೂದಲೆಳೆಯಷ್ಟು ಕಡಿಮೆ. 360ರಿಂದ ಭಾಗಿಸುವುದೂ ಇಲ್ಲ, ಪೈ ಕೂಡ ಇಲ್ಲ.

6. ವೃತ್ತಖಂಡವನ್ನು ಮೋರಿಯಲ್ಲಿ ಕಲಿಯಿರಿ

ಮಕ್ಕಳು ಹೆಚ್ಚು ಅಂಕ ಕಳೆದುಕೊಳ್ಳುವ ಭಾಗ ಇದು, ಇಲ್ಲಿ ನಿಧಾನಿಸಿ. ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯ ಸುಮಾರು 51 ಟಿಎಂಸಿ ಹಿಡಿಯುತ್ತದೆ. ಅಲ್ಲಿಂದ ಬಂದ ನೀರು ಕಾಲುವೆಗಳಲ್ಲಿ ಹೊಲದ ಕಡೆ ಹರಿಯುವಾಗ ರಸ್ತೆಯ ಕೆಳಗೆ ದುಂಡನೆಯ ಸಿಮೆಂಟ್ ಕೊಳವೆಗಳನ್ನು ದಾಟುವುದುಂಟು. ಒಳ ತ್ರಿಜ್ಯ 1 ಮೀಟರ್ ಇರುವ ಕೊಳವೆ, ನೀರು ಅರ್ಧಕ್ಕಿಂತ ಕೆಳಗೆ. ಬಾಯಿಯ ಎದುರು ನಿಂತು ನೋಡಿದರೆ ನೀರಿನ ಮೇಲ್ಮೈ ಒಂದು ಜ್ಯಾ, ಅದರ ಕೆಳಗಿನದು ವೃತ್ತಖಂಡ.

ನೀರಿನ ಎರಡು ಅಂಚುಗಳು ಕೇಂದ್ರದಲ್ಲಿ 2 ರೇಡಿಯನ್ ಕೋನ ಮಾಡಿದರೆ ತ್ರಿಜ್ಯಾಂತರ ಖಂಡ ಸರಿಯಾಗಿ 1 ಚದರ ಮೀಟರ್. ಅದರಲ್ಲಿ ನೀರಿಲ್ಲದ ತ್ರಿಭುಜದ ಭಾಗ ½ × ಸೈನ್ 2, ಅಂದರೆ 0.455. ಕಳೆದರೆ ಉಳಿದದ್ದು 0.545 ಚದರ ಮೀಟರ್. ಸೂತ್ರ ತಾನಾಗಿ ಬಂತು: ½ × ತ್ರಿಜ್ಯ² × (ಕೋನ − ಸೈನ್ ಕೋನ). ಆಗ ನೀರಿನ ಆಳ 1 − ಕೋಸೈನ್ 1, ಅಂದರೆ 46 ಸೆಂಟಿಮೀಟರ್. ವ್ಯಾಸದ ಕಾಲು ಭಾಗಕ್ಕೆ ಹತ್ತಿರ ನೀರು ನಿಂತಿದೆ, ಆದರೆ ಕೊಳವೆಯ ಬಾಯಿ ತುಂಬಿರುವುದು ಶೇಕಡಾ 17 ಮಾತ್ರ. ದುಂಡನೆಯ ಕೊಳವೆಯಲ್ಲಿ ಆಳ ನೋಡಿ ಹರಿವನ್ನು ಅಂದಾಜು ಮಾಡುವವರು ಮೋಸಹೋಗುವುದು ಇಲ್ಲೇ. ಕೋನ 1 ಮತ್ತು 3 ಇಟ್ಟು ನೀವೇ ಇನ್ನೆರಡು ಸಲ ಲೆಕ್ಕ ಹಾಕಿ.

7. ಗೇಟು ಬಾಗಿರುವುದೇಕೆಂದು ಕೇಳಿ

ಹಿಡಕಲ್ ದಾಟಿದ ಘಟಪ್ರಭಾ ನದಿ ಕೃಷ್ಣೆಯನ್ನು ಸೇರಿ ಆಲಮಟ್ಟಿ ಅಣೆಕಟ್ಟೆಗೆ ಹೋಗುತ್ತದೆ. ಅಲ್ಲಿರುವ 26 ಕ್ರಸ್ಟ್ ಗೇಟುಗಳು ರೇಡಿಯಲ್ ಗೇಟುಗಳು: ನೀರನ್ನು ತಡೆಯುವ ಮುಖ ವೃತ್ತದ ಕಂಸ, ತಿರುಗುವ ಕೀಲು ಅದರ ಕೇಂದ್ರದಲ್ಲಿ. ನೀರಿನ ಒತ್ತಡ ಮೇಲ್ಮೈಗೆ ಯಾವಾಗಲೂ ಲಂಬ. ವೃತ್ತಕ್ಕೆ ಲಂಬವಾದ ಗೆರೆಗಳೆಲ್ಲ ಕೇಂದ್ರದ ಮೂಲಕ ಹಾದುಹೋಗುತ್ತವೆ. ಆದ್ದರಿಂದ ಅಷ್ಟು ನೀರಿನ ತಳ್ಳು ಕೀಲಿನ ಮೇಲೆ ಬೀಳುತ್ತದೆಯೇ ಹೊರತು ಗೇಟನ್ನು ತಿರುಗಿಸುವುದಿಲ್ಲ. ಎತ್ತುವ ಯಂತ್ರ ಮುಖ್ಯವಾಗಿ ಗೇಟಿನ ತೂಕ ಮತ್ತು ಘರ್ಷಣೆಯನ್ನು ಗೆದ್ದರೆ ಸಾಕು. ಸ್ಪರ್ಶಕವು ತ್ರಿಜ್ಯಕ್ಕೆ ಲಂಬ ಎಂಬ ಹತ್ತನೇ ತರಗತಿಯ ಪ್ರಮೇಯ ಇಲ್ಲಿ ದುಡಿಯುತ್ತಿದೆ. ತ್ರಿಜ್ಯ 16 ಮೀಟರ್ ಇರುವ ಗೇಟನ್ನು 0.25 ರೇಡಿಯನ್ ತಿರುಗಿಸಿದರೆ ಅದರ ಅಂಚು ಕಂಸದ ಗುಂಟ 4 ಮೀಟರ್ ಸರಿಯುತ್ತದೆ. ಬಾಯಲ್ಲೇ ಬರುವ ಲೆಕ್ಕ.

8. ಗಿರಣಿಯ ಪಟ್ಟಾ ಅಳೆಯಿರಿ

ನಿಮಿಷಕ್ಕೆ 1440 ಸುತ್ತುವ ಮೋಟಾರು ಸೆಕೆಂಡಿಗೆ 24 ಸುತ್ತು, ಅಂದರೆ ಸುಮಾರು 151 ರೇಡಿಯನ್. ಪುಲಿಯ ತ್ರಿಜ್ಯ 10 ಸೆಂಟಿಮೀಟರ್ ಆದರೆ, ಎರಡನ್ನೂ ಗುಣಿಸಿದಾಗ ಪಟ್ಟಾದ ವೇಗ ಸೆಕೆಂಡಿಗೆ 15 ಮೀಟರ್. ಭೌತಶಾಸ್ತ್ರದ ವೃತ್ತೀಯ ಚಲನೆಯ ಪಾಠ ಈ ಗುಣಾಕಾರದ ಮೇಲೆಯೇ ನಿಂತಿದೆ.

9. ಸಣ್ಣ ಕೋನದಲ್ಲಿ ಸೈನ್ ತೆಗೆಯಲೇಬೇಡಿ

ಗೋಕಾಕ ಜಲಪಾತ ಸುಮಾರು 52 ಮೀಟರ್ ಎತ್ತರ. 520 ಮೀಟರ್ ದೂರದಿಂದ, ಅದರ ಬುಡದ ಮಟ್ಟದಲ್ಲೇ ನಿಂತು ನೋಡಿದವರ ಕಣ್ಣಿಗೆ ಅದು ಸುಮಾರು 0.1 ರೇಡಿಯನ್ ಕೋನ ಮಾಡುತ್ತದೆ. ಎತ್ತರವನ್ನು ದೂರದಿಂದ ಭಾಗಿಸಿದ್ದಷ್ಟೇ. ಸೈನ್ 0.1 ಎಷ್ಟು? 0.0998. ಕೋನ ಕಿರಿದಾದಷ್ಟೂ ಕಂಸ ಮತ್ತು ಜ್ಯಾ ಒಂದನ್ನೊಂದು ಸಮೀಪಿಸುತ್ತವೆ, ಸೈನ್ ಬೆಲೆ ಕೋನದ ಬೆಲೆಯೇ ಆಗುತ್ತ ಬರುತ್ತದೆ. ಇದು ರೇಡಿಯನ್ನಿನಲ್ಲಿ ಮಾತ್ರ ನಿಜ. ಸೈನಿನ ಅವಕಲನ ಕೋಸೈನ್ ಎಂಬ ಚೊಕ್ಕ ಫಲಿತಾಂಶವೂ ಈ ಕಾರಣಕ್ಕೇ ಸಿಗುವುದು. ಡಿಗ್ರಿಯಲ್ಲಿ ಮಾಡಿದರೆ ಪ್ರತಿ ಸಾಲಿಗೂ ಪೈ/180 ಅಂಟಿಕೊಂಡೇ ಬರುತ್ತದೆ.

10. ಯಂತ್ರವನ್ನು ಮೊದಲು ಪರೀಕ್ಷಿಸಿ

ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಸೈನ್ 30 ಒತ್ತಿ. 0.5 ಬಂದರೆ ಅದು ಡಿಗ್ರಿಯಲ್ಲಿದೆ, −0.988 ಬಂದರೆ ರೇಡಿಯನ್ನಿನಲ್ಲಿದೆ. ಕಂಪ್ಯೂಟರಿನ ಎಕ್ಸೆಲ್, ಪೈಥಾನ್‌ಗಳಿಗೆ ಕೊಡಬೇಕಾದದ್ದು ರೇಡಿಯನ್ನೇ.