ಕಾಗದದ ಸುಕ್ಕು: ಯಾವುದು ಹೋಗುತ್ತದೆ? ಯಾವುದು ಉಳಿಯುತ್ತದೆ?

ಹತ್ತಿ ಬಟ್ಟೆಗೆ ಇಸ್ತ್ರಿ ಹಾಕುವುದನ್ನು ನೀವು ನೋಡಿದ್ದೀರಲ್ಲವೇ? ಮೊದಲು ಬಟ್ಟೆಯ ಮೇಲೆ ನೀರು ಚಿಮುಕಿಸುತ್ತಾರೆ. ಆಮೇಲೆ ಬಿಸಿಯಾದ ಇಸ್ತ್ರಿ ಪೆಟ್ಟಿಗೆಯಿಂದ ಒತ್ತುತ್ತಾರೆ. ಸುಕ್ಕು ಮಾಯವಾಗುತ್ತದೆ. ನೀರು, ಶಾಖ ಮತ್ತು ಒತ್ತಡ, ಈ ಮೂರೂ ಸೇರಿ ಮಾಡುವ ಕೆಲಸ ಇದು. ಅಮೆರಿಕದಲ್ಲಿ ಹಳೆಯ ಚಿತ್ರಕಥೆ ಪುಸ್ತಕಗಳ, ಅಂದರೆ ಕಾಮಿಕ್ಸ್‌ಗಳ ಸುಕ್ಕನ್ನೂ ಹೀಗೆಯೇ ತೆಗೆಯುತ್ತಾರೆ!

ಪುಸ್ತಕಕ್ಕೂ ಅಂಕ

ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1938ರಲ್ಲಿ, 'ಆಕ್ಷನ್ ಕಾಮಿಕ್ಸ್' ಪುಸ್ತಕದ ಮೊದಲ ಸಂಚಿಕೆಯಲ್ಲಿ. ಆಗ ಅದರ ಬೆಲೆ 10 ಸೆಂಟ್. 2014ರಲ್ಲಿ ಅದರ ಒಂದು ಪ್ರತಿ 32 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಆ ಪ್ರತಿಗೆ 10ಕ್ಕೆ 9 ಅಂಕ ಸಿಕ್ಕಿತ್ತು. ನಿಮ್ಮ ಉತ್ತರ ಪತ್ರಿಕೆಗೆ ಅಂಕ ಕೊಡುವಂತೆ, ಪುಸ್ತಕ ಎಷ್ಟು ಚೆನ್ನಾಗಿ ಉಳಿದಿದೆ ಎಂದು ನೋಡಿ ಅಂಕ ಕೊಡುವ ಸಂಸ್ಥೆಗಳು ಅಲ್ಲಿವೆ. 2000ದಲ್ಲಿ ಆರಂಭವಾದ ಸಿಜಿಸಿ ಅವುಗಳಲ್ಲಿ ಒಂದು. ಸುಕ್ಕು ಕಂಡರೆ ಅಂಕ ಕಡಿಮೆ. ಅಂಕ ಕಡಿಮೆಯಾದರೆ ಬೆಲೆಯೂ ಕಡಿಮೆ.

ಕಾಗದದ ಒಳಗೆ ಏನಿದೆ?

ಕಾಗದವೆಂದರೆ ಸೆಲ್ಯುಲೋಸ್ ಎಂಬ ವಸ್ತುವಿನಿಂದಾದ ಸಣ್ಣ ಸಣ್ಣ ನಾರುಗಳ ಹೆಣಿಗೆ. ಹತ್ತಿಯಲ್ಲಿರುವುದೂ ಸೆಲ್ಯುಲೋಸೇ. ಈ ನಾರುಗಳು ಒಂದನ್ನೊಂದು ಹೈಡ್ರೋಜನ್ ಬಂಧಗಳಿಂದ ಹಿಡಿದುಕೊಂಡಿರುತ್ತವೆ. ಕಾಗದಕ್ಕೆ ತೇವ ತಗುಲಿದಾಗ ನೀರಿನ ಅಣುಗಳು ನಾರುಗಳ ನಡುವೆ ನುಗ್ಗುತ್ತವೆ. ಹಿಡಿತ ಸಡಿಲವಾಗುತ್ತದೆ. ಆಗ ಭಾರ ಹೇರಿದರೆ ಬಾಗಿದ ನಾರು ನೇರವಾಗುತ್ತದೆ. ತೇವ ಆರಿದಂತೆ ಹೊಸ ಬಂಧಗಳು ಮೂಡಿ, ಕಾಗದ ಸಪಾಟಾಗಿಯೇ ನಿಲ್ಲುತ್ತದೆ.

ಕಾಮಿಕ್ಸ್ ಒತ್ತುವವರು ಪುಸ್ತಕಕ್ಕೆ ಸ್ವಲ್ಪವೇ ತೇವಾಂಶ ತಗುಲಿಸಿ, ಅಂಟದ ಹಾಳೆಗಳ ನಡುವೆ ಇಟ್ಟು, ಹದವಾದ ಬಿಸಿಯಲ್ಲಿ ಯಂತ್ರದಿಂದ ಒತ್ತುತ್ತಾರೆ. ಪೂರ್ತಿ ತಣ್ಣಗಾಗುವವರೆಗೂ ಭಾರವನ್ನು ತೆಗೆಯುವುದಿಲ್ಲ.

ಮಾಡಿ ನೋಡಿ

ಬೇಡವಾದ ವಾರಪತ್ರಿಕೆಯ ಬಣ್ಣದ ಮುಖಪುಟದಿಂದ ಎರಡು ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಒಂದನ್ನು ಪೆನ್ಸಿಲಿಗೆ ಸುತ್ತಿ ಬಾಗಿಸಿ. ಇನ್ನೊಂದನ್ನು ಮಡಿಸಿ, ಮಡಿಕೆಯ ಮೇಲೆ ಉಗುರಿನಿಂದ ಬಲವಾಗಿ ಉಜ್ಜಿ. ಎರಡನ್ನೂ ಬಿಡಿಸಿ, ಹಿಂಬದಿಗೆ ಒದ್ದೆ ಬಟ್ಟೆಯಿಂದ ತುಸು ತೇವ ಮಾಡಿ. ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ. ಇಸ್ತ್ರಿ ಪೆಟ್ಟಿಗೆ ಬೇಡ, ಭಾರವೇ ಸಾಕು. ಮರುದಿನ ಭೂತಗನ್ನಡಿಯಿಂದ ನೋಡಿ.

ಸುತ್ತಿದ ಪಟ್ಟಿ ಬಹುಮಟ್ಟಿಗೆ ನೇರವಾಗಿರುತ್ತದೆ. ಉಜ್ಜಿದ ಪಟ್ಟಿಯೂ ಸಪಾಟಾಗಿರಬಹುದು, ಆದರೆ ಮಡಿಕೆಯಿದ್ದಲ್ಲಿ ಒಂದು ಬಿಳಿ ಗೆರೆ ಉಳಿದಿರುತ್ತದೆ. ಏಕೆ? ಅಲ್ಲಿ ನಾರು ಬಾಗಿದ್ದಷ್ಟೇ ಅಲ್ಲ, ಮುರಿದಿದೆ. ಮೇಲಿನ ಬಣ್ಣವೂ ಒಡೆದು ಉದುರಿದೆ. ಬಾಗಿದ ನಾರನ್ನು ಒತ್ತಡ ನೇರ ಮಾಡಬಲ್ಲದು, ಮುರಿದ ನಾರನ್ನು ಕೂಡಿಸಲಾರದು.

ಹಾಗಾದರೆ ಆ ಗೆರೆಗೆ ಬಣ್ಣ ಬಳಿದರಾಯಿತಲ್ಲ ಎನ್ನುತ್ತೀರಾ? ಒತ್ತುವಾಗ ಪುಸ್ತಕಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲ. ಬಣ್ಣ ಬಳಿದರೆ ಸೇರಿಸಿದಂತಾಯಿತು. ಆದ್ದರಿಂದ ಸಿಜಿಸಿ ಒತ್ತಿದ ಪುಸ್ತಕವನ್ನು ದುರಸ್ತಿಯಾದದ್ದೆಂದು ಎಣಿಸುವುದಿಲ್ಲ. ಬಣ್ಣ ಬಳಿದದ್ದು ಗೊತ್ತಾದರೆ ಮಾತ್ರ ಅದನ್ನು ಚೀಟಿಯ ಮೇಲೆ ತಿಳಿಸುತ್ತದೆ. ಕೊಳ್ಳುವವರಿಗೆ ನಿಜ ತಿಳಿಯಬೇಕಲ್ಲವೇ?

ಎಚ್ಚರ

ತೇವ ಹೆಚ್ಚಾದರೆ ಪುಟಗಳು ಅಲೆಅಲೆಯಾಗುತ್ತವೆ, ಪಿನ್ನುಗಳು ತುಕ್ಕು ಹಿಡಿಯುತ್ತವೆ. ಹಳೆಯ ಕಾಮಿಕ್ಸ್‌ನ ಒಳಪುಟಗಳು ಮರದ ತಿರುಳಿನ ಅಗ್ಗದ ಕಾಗದದವು. ಅದರಲ್ಲಿ ಲಿಗ್ನಿನ್ ಎಂಬ ವಸ್ತು ಇರುವುದರಿಂದ ಬೇಗ ಹಳದಿಯಾಗುತ್ತವೆ. ಅತಿಯಾದ ಶಾಖ ಅವುಗಳನ್ನು ಇನ್ನಷ್ಟು ಬೇಗ ಹಾಳುಮಾಡುತ್ತದೆ. ಆದ್ದರಿಂದ ಶಾಲೆಯ ಪುಸ್ತಕಗಳ ಮೇಲೆ ಈ ಪ್ರಯೋಗ ಬೇಡ. ಪುಟದ ಮೂಲೆ ಮಡಿಸುವ ಬದಲು ಒಂದು ಕಾಗದದ ಚೂರನ್ನು ಗುರುತಿಗಿಡಿ.

ಯೋಚಿಸಿ ಉತ್ತರಿಸಿ

1. ಮಳೆಯಲ್ಲಿ ನೆನೆದ ಪುಸ್ತಕವನ್ನು ಹಾಗೆಯೇ ಬಿಸಿಲಿಗಿಟ್ಟರೆ ಪುಟಗಳು ಸೊಟ್ಟಗಾಗುತ್ತವೆ. ಏಕೆ?
2. ನಿಮ್ಮ ನೋಟ್‌ಬುಕ್ಕಿನ ಮಡಿಕೆಗಳನ್ನು ಗಮನಿಸಿ. ಯಾವುವು ಬಾಗಿದವು? ಯಾವುವು ಮುರಿದವು? ಪಟ್ಟಿ ಮಾಡಿ.